ಆನೆಗೊಂದಿಯಲ್ಲಿ ಸ್ವಂತ ಮನೆ ಮೇಲೆ ರೂಮ್ ಕಟ್ಟೋಕೆ ಆಗಲ್ವಾ?

ಪ್ರಶ್ನೆ: ನಮ್ಮದು ಅಜ್ಜನ ಕಾಲದ ಮಣ್ಣಿನ ಮಾಳಿಗೆ ಮನೆ, ಪಕ್ಕದಲ್ಲೇ ಸಂರಕ್ಷಿತ ಸ್ಮಾರಕ. ಮಳೆ ಬಂದರೆ ಜಂತಿ ಸಂದಿಯಿಂದ ಒಲೆ ಮೇಲೇ ನೀರು ಸೋರುತ್ತದೆ. ತಮ್ಮನ ಮದುವೆ ಗೊತ್ತಾಗಿದೆ, ಮೇಲೊಂದು ರೂಮ್ ಬೇಕು. ಕಟ್ಟಿದರೆ ನೋಟಿಸ್ ಬರುತ್ತದೆ ಅಂತಾರೆ. ಖಾತೆ ನಮ್ಮ ಹೆಸರಲ್ಲಿದೆ, ತೆರಿಗೆ ನಾವೇ ಕಟ್ಟುತ್ತೇವೆ. ಏನು ಮಾಡೋದು?

ಉತ್ತರ 1: ಅಣ್ಣಾ, ಮೊದಲು ದೂರ ಅಳೆಸಿ. ಕೇಂದ್ರ ಸರ್ಕಾರ ಸಂರಕ್ಷಿಸಿದ ಸ್ಮಾರಕವಾದರೆ ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿ ಪ್ರಕಾರ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅನುಮತಿ ಪಡೆದು ರಿಪೇರಿ ಮಾಡಿಸಬಹುದು. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಸಿಕ್ಕರೆ ಕಟ್ಟಬಹುದು.

ಉತ್ತರ 2: ಅಷ್ಟೇ ಅಲ್ಲ, ಹಂಪಿ ವಿಶ್ವ ಪರಂಪರೆ ಪ್ರದೇಶ ನೋಡಿಕೊಳ್ಳುವ ಪ್ರಾಧಿಕಾರದ 2002ರ ಕಾಯ್ದೆಯೂ ಇದೆ, ಆನೆಗೊಂದಿ ಅದರ ವ್ಯಾಪ್ತಿಗೇ ಬರುತ್ತದೆ. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಹಂಪಿ ಎದುರಿನ ವಿರೂಪಾಪುರ ಗಡ್ಡೆಯ ಅಕ್ರಮ ರೆಸಾರ್ಟ್‌ಗಳನ್ನೇ ಕೆಡವಿದರು. ಸುಮ್ನೆ ಕಟ್ಟಿ ಕಳಕೊಳ್ಳಬೇಡಿ.

ಉತ್ತರ 3: ಸ್ಮಾರಕ ಉಳಿಯಲೇಬೇಕು, ಒಪ್ಪುತ್ತೇನೆ. ಆದರೆ ಭಾರವೆಲ್ಲ ಊರವರ ಮೇಲೇ ಬೀಳೋದು ಅನ್ಯಾಯ. ಸಂವಿಧಾನದ 1978ರ 44ನೇ ತಿದ್ದುಪಡಿಯಿಂದ ಆಸ್ತಿ ಹಕ್ಕು ಮೂಲಭೂತ ಹಕ್ಕಲ್ಲ, ಕಾನೂನಿನ ಪ್ರಕಾರವಲ್ಲದೆ ಆಸ್ತಿ ಕಿತ್ತುಕೊಳ್ಳುವಂತಿಲ್ಲ ಎನ್ನುವ 300ಎ ವಿಧಿಯ ಹಕ್ಕು ಅಷ್ಟೇ. ಸರ್ಕಾರ ಜಾಗ ತಗೊಂಡರೆ ಪರಿಹಾರ ಕೇಳಬಹುದು, ಜಾಗ ನಿಮ್ಮ ಹತ್ತಿರವೇ ಉಳಿದು, ಬರೀ ಕಟ್ಟಬೇಡಿ ಅಂದಾಗ ಪರಿಹಾರ ಸಿಗೋದು ಬಹಳ ಕಷ್ಟ. ಮಳೆಗಾಲಕ್ಕೆ ಮುಂಚೆ ಮಾಳಿಗೆ ರಿಪೇರಿಗಾದರೂ ಅರ್ಜಿ ಹಾಕಿ, ಫೋಟೊ ಸಮೇತ.