ಮೆಕ್ಯಾನಿಕಲ್ ಪದವಿಯ ಉದ್ದೇಶ, ಕಲಿಕಾ ಫಲಿತಾಂಶ: ಕಾಲೇಜು ಆರಿಸುವಾಗ ಇವನ್ನು ಹೇಗೆ ಓದಬೇಕು?

ಪ್ರಶ್ನೆ (ಸೇಡಂ): ನನ್ನ ತಂಗಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದು, ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ ಸೇರುವವಳಿದ್ದಾಳೆ. ಎಲ್ಲ ಕಾಲೇಜುಗಳ ಮಾಹಿತಿ ಪುಸ್ತಕದಲ್ಲೂ ಉದ್ದೇಶ, ಕಲಿಕಾ ಫಲಿತಾಂಶ ಎಂದು ಹೆಚ್ಚುಕಡಿಮೆ ಒಂದೇ ಸಾಲುಗಳಿವೆ. ಇವುಗಳಿಂದ ಏನಾದರೂ ತಿಳಿಯುತ್ತದೆಯೇ? ಮುಂದೆ ಹೊರದೇಶಕ್ಕೆ ಹೋಗುವ ಆಸೆಯೂ ಅವಳಿಗಿದೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ (ಕಲಬುರಗಿ, ಯಂತ್ರ ನಿರ್ವಹಣೆ): ಖಂಡಿತ ತಿಳಿಯುತ್ತದೆ. ಉದ್ದೇಶ ಎಂಬುದು ಪದವಿ ಮುಗಿದ ಕೆಲವು ವರ್ಷಗಳಲ್ಲಿ ವಿದ್ಯಾರ್ಥಿ ಯಾವ ಮಟ್ಟಕ್ಕೆ ಬೆಳೆದಿರಬೇಕು ಎಂಬುದನ್ನು ಹೇಳಿದರೆ, ಕಲಿಕಾ ಫಲಿತಾಂಶವು ಪದವಿ ಕೈಗೆ ಬರುವ ಹೊತ್ತಿಗೆ ಅವಳಿಗೆ ಏನೇನು ಮಾಡಲು ಬರಬೇಕು ಎಂಬುದನ್ನು ಹೇಳುತ್ತದೆ. ಎರಡನೆಯದನ್ನೇ ಗಮನವಿಟ್ಟು ಓದಿ.

ಕಪನೂರಿನ ಒಂದು ದಾಲ್ ಮಿಲ್ಲಿನಲ್ಲಿ ಕಾಳು ಮೇಲೆತ್ತುವ ಎಲಿವೇಟರಿನ ಬೇರಿಂಗ್ ಮೇಲಿಂದ ಮೇಲೆ ಸುಟ್ಟುಹೋಗುತ್ತದೆ ಎಂದುಕೊಳ್ಳೋಣ. ಹೊಸದನ್ನು ತಂದು ಕೂರಿಸುವುದು ಫಿಟರಿಗೂ ಬರುತ್ತದೆ. ಎಂಜಿನಿಯರ್ ಆದವರು ಡಯಲ್ ಗೇಜ್ ಇಟ್ಟು ಶಾಫ್ಟ್ ತಿರುಗುವಾಗ ಎಷ್ಟು ಓಲಾಡುತ್ತದೆ ಎಂದು ನೋಡಬೇಕು, ಬೆಲ್ಟಿನ ಬಿಗಿ ಪರೀಕ್ಷಿಸಬೇಕು, ತೊಗರಿಯ ಹೊಟ್ಟು ಸೀಲ್ ದಾಟಿ ಗ್ರೀಸಿಗೆ ಸೇರಿದೆಯೇ ಎಂದು ಬಿಚ್ಚಿ ನೋಡಬೇಕು. ಆಮೇಲೆ ಬೇರಿಂಗಿನ ಮೇಲೆ ಬೀಳುವ ಭಾರವನ್ನೂ ಅದರ ಆಯುಷ್ಯವನ್ನೂ ಲೆಕ್ಕ ಹಾಕಿ, ಕಾರಣವನ್ನು ಮಾಲೀಕರಿಗೆ ಒಂದು ಪುಟದ ವರದಿಯಲ್ಲಿಯೂ ಫಿಟರಿಗೆ ಅವರ ಮಾತಿನಲ್ಲಿಯೂ ತಿಳಿಸಬೇಕು. ಸಮಸ್ಯೆಯ ವಿಶ್ಲೇಷಣೆ, ಪ್ರಯೋಗ, ವಿನ್ಯಾಸ, ಸಂವಹನ ಎಂದು ಪುಸ್ತಕದಲ್ಲಿ ಬೇರೆ ಬೇರೆಯಾಗಿ ಅಚ್ಚಾಗಿರುವುದೆಲ್ಲ ಇಲ್ಲಿ ಒಂದೇ ಕೆಲಸದಲ್ಲಿ ಬೇಕಾಗುತ್ತದೆ. ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಲ್ಲಿ ನಾನು ಹೆಚ್ಚಾಗಿ ಕಾಣುವ ಕೊರತೆ ವರದಿ ಬರೆಯುವುದರಲ್ಲಿ. ಲೆಕ್ಕ ಸರಿಯಿದ್ದರೂ ಅದನ್ನು ಬರವಣಿಗೆಯಲ್ಲಿ ಬಿಡಿಸಿ ಹೇಳಲು ಅವರಿಗೆ ಆಗುವುದಿಲ್ಲ.

ಉತ್ತರ (ಬೀದರ್, ಉಪನ್ಯಾಸಕಿ): ಮೇಲಿನವರ ಮಾತನ್ನು ಒಪ್ಪುತ್ತೇನೆ. ಕಲಿಕಾ ಫಲಿತಾಂಶದ ಸಾಲುಗಳು ಒಂದೇ ಬಗೆಯಾಗಿರಲು ಕಾರಣವಿದೆ: ತಾಂತ್ರಿಕ ಪದವಿಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಾನ್ಯತಾ ಮಂಡಳಿಯೇ (ಎನ್‌ಬಿಎ) ಅವನ್ನು ಗೊತ್ತುಪಡಿಸಿದೆ. ಬಹುಕಾಲ 12 ಇದ್ದವು, ಈಚಿನ ಪರಿಷ್ಕರಣೆಯಲ್ಲಿ 11 ಆಗಿವೆ. ಆದ್ದರಿಂದ ಸಾಲುಗಳನ್ನು ಹೋಲಿಸುವುದನ್ನು ಬಿಟ್ಟು, ಯಾವ ವಿಷಯದಿಂದ ಯಾವ ಫಲಿತಾಂಶ ಎಷ್ಟರಮಟ್ಟಿಗೆ ದೊರೆಯಿತು ಎಂಬ ಕೋಷ್ಟಕವನ್ನು ವಿಭಾಗದಲ್ಲಿ ಕೇಳಿ ನೋಡಿ. ಹಿಂದಿನ ವರ್ಷದ ಪ್ರಾಜೆಕ್ಟ್ ವರದಿಗಳನ್ನೂ ತೋರಿಸಲು ಕೇಳಿ. ವಿದ್ಯಾರ್ಥಿಗಳು ತಾವೇ ಅಳೆದ ಅಂಕಿಅಂಶ ಅವುಗಳಲ್ಲಿ ಇದ್ದರೆ ಪ್ರಯೋಗಾಲಯ ನಿಜವಾಗಿ ನಡೆಯುತ್ತಿದೆ ಎಂದೇ ಅರ್ಥ.

ಈ ಮಂಡಳಿಯ ಮಾನ್ಯತೆ ಸಿಗುವುದು ಇಡೀ ಕಾಲೇಜಿಗಲ್ಲ, ಆಯಾ ಪದವಿಗೆ, ಅದೂ ನಿಗದಿತ ಅವಧಿಗೆ. ಹೊರದೇಶದ ಆಸೆಯಿದ್ದರೆ ಇನ್ನೊಂದು ಸಂಗತಿ ಗಮನದಲ್ಲಿರಲಿ. ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಮನ್ನಿಸುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತವು 2014ರಲ್ಲಿ ಕಾಯಂ ಸದಸ್ಯವಾಯಿತು, ಆದರೆ ಆ ಮನ್ನಣೆ ಮಂಡಳಿಯ ಟಿಯರ್-1 ಮಾನ್ಯತೆ (ಸ್ವಾಯತ್ತ ಕಾಲೇಜು, ವಿಶ್ವವಿದ್ಯಾಲಯಗಳಿಗಿರುವ ವರ್ಗ) ಪಡೆದ ಪದವಿಗಳಿಗೆ ಮಾತ್ರ. ಅಮೆರಿಕದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಟೆಕ್ನಾಲಜಿ ಎಂಬುದು ಬೇರೆಯದೇ ಪದವಿ. ಅಲ್ಲಿ ಸಿದ್ಧಾಂತಕ್ಕಿಂತ ಅನ್ವಯಕ್ಕೆ ಒತ್ತು ಹೆಚ್ಚು, ಅದರ ಮಾನ್ಯತೆಯ ಮಾನದಂಡಗಳೂ ಬೇರೆ, ಅಂಥ ಪದವಿಗಳ ಪರಸ್ಪರ ಮನ್ನಣೆಗೆ ಸಿಡ್ನಿ ಒಪ್ಪಂದವಿದೆ. ಅಲ್ಲಿನ ಕೆಲವು ರಾಜ್ಯಗಳಲ್ಲಿ ಟೆಕ್ನಾಲಜಿ ಪದವಿಯವರಿಗೆ ಎಂಜಿನಿಯರ್ ಪರವಾನಗಿ ಪಡೆಯಲು ಈ ವ್ಯತ್ಯಾಸ ಅಡ್ಡಬರುತ್ತದೆ.

ಡಿಪ್ಲೊಮಾದಿಂದ ಬಂದವರ ಕೈ ಪಳಗಿರುತ್ತದೆ. ಅವರು ಸೋಲುವುದು ಗಣಿತದಲ್ಲಿ. ಎರಡನೇ ವರ್ಷಕ್ಕೆ ನೇರವಾಗಿ ಸೇರಿದವರಿಗೆ ಹೆಚ್ಚುವರಿ ಗಣಿತದ ಪಾಠವನ್ನು ಯಾರು, ವಾರಕ್ಕೆ ಎಷ್ಟು ತಾಸು ಮಾಡುತ್ತಾರೆ ಎಂಬುದನ್ನು ಪ್ರವೇಶಕ್ಕೆ ಮೊದಲೇ ವಿಭಾಗದ ಮುಖ್ಯಸ್ಥರಲ್ಲಿ ವಿಚಾರಿಸಿ.