ಸಹಾಯ ಬೇಕು: ಬಾವಿ ನೀರಿಗೆ ಇ. ಕೋಲಿ ಪರೀಕ್ಷೆ ಮಂಡ್ಯ ಅಥವಾ ಮೈಸೂರಲ್ಲಿ ಎಲ್ಲಿ ಮಾಡ್ತಾರೆ?

ಎಲ್ಲರಿಗೂ ನಮಸ್ಕಾರ. ನಮ್ಮೂರು ಪಾಂಡವಪುರದ ಹತ್ತಿರ, ಹಿತ್ತಲ ಬಾವಿ ನೀರನ್ನೇ ಕುಡಿಯೋದು. ಮಳೆ ಬಂದಾಗಿನಿಂದ ತಂಗಿ ಮಗಳಿಗೆ ಎರಡು ಸಲ ಭೇದಿ ಆಯ್ತು. ಅನುಮಾನ ಬಂದು ಎಚ್‌ಟುಎಸ್ ಬಾಟಲಿಯಲ್ಲಿ (ನೀರಿಗೆ ಮಲ ಸೇರಿದೆಯಾ ಅಂತ ಮನೆಯಲ್ಲೇ ನೋಡೋ ಬಾಟಲಿ, ಸೇರಿದ್ದರೆ ನೀರು ಕಪ್ಪಾಗುತ್ತೆ) ನೀರು ತುಂಬಿಟ್ಟೆ. ಮಾರನೇ ದಿನವೇ ಕಪ್ಪಾಯ್ತು.

ಕಪ್ಪಾದ ಮಾತ್ರಕ್ಕೆ ಮಲ ಸೇರಿದೆ ಅಂತ ಖಚಿತ ಅಲ್ಲ, ಸಲ್ಫೈಡ್ ಹುಟ್ಟಿಸುವ ಬೇರೆ ಬ್ಯಾಕ್ಟೀರಿಯಾ ಇದ್ದರೂ ಹಾಗಾಗುತ್ತೆ. ಲ್ಯಾಬ್‌ನಲ್ಲಿ ನೋಡೋ ಒಟ್ಟು ಕೋಲಿಫಾರ್ಮ್ ಅನ್ನೋ ಬ್ಯಾಕ್ಟೀರಿಯಾ ಗುಂಪು ಕೂಡ ಮಣ್ಣು, ಕೊಳೆತ ಎಲೆಯಿಂದ ಬರಬಹುದು. ಆ ಗುಂಪಿನದೇ ಆದ ಇ. ಕೋಲಿ ಬ್ಯಾಕ್ಟೀರಿಯಾ ಇರೋದು ಮನುಷ್ಯರ, ದನಕರುಗಳ ಕರುಳಲ್ಲಿ. ಅದು ಸಿಕ್ಕಿದರೆ ಇತ್ತೀಚೆಗೆ ಮಲ ಸೇರಿದೆ ಅಂತಲೇ ಲೆಕ್ಕ. ಕುಡಿಯೋ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಕುಡಿಯೋ ನೀರಿನ 100 ಮಿ.ಲೀ.ನಲ್ಲಿ ಅದು ಒಂದೂ ಸಿಗಬಾರದು. ನಮ್ಮ ಬಾವಿಗೆ ಒಂದು ಕಡೆ ಕೊಟ್ಟಿಗೆ, ಇನ್ನೊಂದು ಕಡೆ ಶೌಚದ ಗುಂಡಿ. ಅದೇ ಭಯ.

ಈ ಪರೀಕ್ಷೆ ಮಾಡಿಸಿರೋರು ದಯವಿಟ್ಟು ಲ್ಯಾಬ್ ಎಲ್ಲಿದೆ, ಎಷ್ಟಾಗುತ್ತೆ, ಶನಿವಾರ ಮಾದರಿ ತಗೋತಾರಾ ತಿಳಿಸಿ. ಸ್ಟೆರೈಲ್ ಬಾಟಲಿ ಅವರೇ ಕೊಡ್ತಾರಾ? ಐಸ್‌ನಲ್ಲಿಟ್ಟು 24 ಗಂಟೆಯೊಳಗೆ ಮುಟ್ಟಿಸಬೇಕು, ಯಾರಾದ್ರೂ ಐಸ್ ಬಾಕ್ಸ್ ಒಂದು ದಿನಕ್ಕೆ ಕೊಟ್ಟರೆ ದೊಡ್ಡ ಉಪಕಾರ. ಸದ್ಯ ಕುದಿಸಿ ಕುಡೀತಿದ್ದೀವಿ. ಮಾದರಿ ತೆಗೆಯೋವರೆಗೂ ಬ್ಲೀಚಿಂಗ್ ಪೌಡರ್ ಹಾಕಿಲ್ಲ, ಹಾಕಿದರೆ ನಿಜ ಗೊತ್ತಾಗಲ್ಲ.