ಫ್ರಾನ್ಸಿನ ಹಳ್ಳಿ ಮನೆ, ಜನವರಿ ಚಳಿ: ಅತ್ತೆ ಮಾವನ ಜೊತೆ ದಿನ ಹೇಗೆ ಕಳೆಯೋದು?

ಟೂಲೂಸ್ ಸೊಸೆ:
ಧಾರವಾಡದಿಂದ ಅತ್ತೆ ಮಾವ ಬಂದಿದ್ದಾರೆ. ಜನವರಿ ಮೊದಲ ವಾರಕ್ಕೆ ಕಾಓರ್ ಹತ್ತಿರದ ಹಳ್ಳಿಯಲ್ಲಿ ಹಳೇ ಕಲ್ಲಿನ ಮನೆ ಬಾಡಿಗೆಗೆ ಹಿಡಿದಿದ್ದೇವೆ. ಬೆಚ್ಚಗಿರೋಕೆ ಸೌದೆ ಒಲೆ ಒಂದೇ ಅಂತೆ. ಮಾವ ಸುಮ್ನೆ ಕೂರುವವರಲ್ಲ, ಅತ್ತೆಗೆ ಮಂಡಿ ನೋವು, ಮಗಳಿಗೆ ಆರು ವರ್ಷ. ಇಡೀ ದಿನ ಏನು ಮಾಡೋದು?

ಓಕ್ ಸೌದೆ:
ಖಂಡಿತ ಹೋಗಿ. ನಾವು ಆ ಕಡೆಯೇ ಇರೋದು. ಆಗ ಬೆಳಕಾಗೋದೇ 8.30ರ ಹೊತ್ತಿಗೆ, ಸಂಜೆ 5.30ಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಹೊರಗಿನ ಕೆಲಸ ಅಷ್ಟರಲ್ಲಿ ಮುಗಿಸಿಕೊಳ್ಳಿ.

ಒಲೆ ಮಾವನಿಗೆ ಬಿಡಿ. ಎರಡು ಕೊರಡು ಒಂದಕ್ಕೊಂದು ತಟ್ಟಿ ನೋಡಲಿ. ಟಣ್ ಅಂದರೆ ಒಣಗಿದೆ, ಮಂದ ಸದ್ದು ಬಂದರೆ ಹಸಿ. ಹಸಿ ಸೌದೆ ಹಾಕಿದರೆ ಒಲೆಯ ಗಾಜು ಕಪ್ಪಾಗುತ್ತದೆ, ಕಾವೂ ಬರುವುದಿಲ್ಲ. ಹೊತ್ತಿಸುವಾಗ ಗಾಳಿ ಕಿಂಡಿ ಪೂರ್ತಿ ತೆಗೆದಿರಲಿ. ಗೋಡೆಯ ಜಾಲರಿಗೆ ಮಾತ್ರ ಬಟ್ಟೆ ತುರುಕಬೇಡಿ. ಚಳಿ ಗಾಳಿ ಬರ್ತಿದೆ ಅಂತ ಅತ್ತೆ ಅಂದರೂ ಬೇಡ. ಕಾರ್ಬನ್ ಮಾನಾಕ್ಸೈಡ್ ಒಳಗೇ ತುಂಬಿದರೆ ಜೀವಕ್ಕೇ ಅಪಾಯ.

ಮಂಗಳವಾರ ಸಿಕ್ಕರೆ ಲಾಲ್ಬೆಂಕ್ ಸಂತೆ ತಪ್ಪಿಸಬೇಡಿ. ಓಕ್ ಬೇರಿನ ಹತ್ತಿರ ನೆಲದೊಳಗೆ ಬೆಳೆಯುವ ಕಪ್ಪು ಟ್ರಫಲ್ ಅಣಬೆ ಅಲ್ಲಿ ಮಾರುತ್ತಾರೆ. ರೈತರು ಬೆಂಚಿನ ಮೇಲೆ ಬುಟ್ಟಿ ಇಟ್ಟುಕೊಂಡು ಸಾಲಾಗಿ ನಿಂತಿರುತ್ತಾರೆ. ಸಗಟು ವ್ಯಾಪಾರ ಶುರುವಾಗೋದು ಮಧ್ಯಾಹ್ನ 2.30ಕ್ಕೆ. ಕೊಳ್ಳೋದೇ ಬೇಡ, ಆ ವಾಸನೆಗೋಸ್ಕರ ಹೋಗಬೇಕು. ಒಂದೇ ಬೀದಿ, ಅತ್ತೆಗೆ ಜಾಸ್ತಿ ನಡೆಯೋದೂ ಇಲ್ಲ. ಊಟ 12ರಿಂದ 2ರೊಳಗೆ ಮುಗಿಸಿ, ಆಮೇಲೆ ಹೋಟೆಲ್‌ಗಳಲ್ಲಿ ಅಡುಗೆ ಸಿಗೋದು ಕಷ್ಟ.

ಮಕ್ಕಳ ತಾಯಿ:
ಕಾಡಿನ ಕಡೆ ವಾಕಿಂಗ್ ಹೋದರೆ ಎಲ್ಲರೂ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಳ್ಳಿ. ಫೆಬ್ರವರಿ ಕೊನೆಯವರೆಗೂ ಬೇಟೆ ಕಾಲ.

ಮಗಳಿಗೆ ಗಲೆಟ್ ದೆ ರುವಾ ಕೊಡಿಸಿ. ಜನವರಿ 6ರ ಹಬ್ಬದ ತಿಂಡಿ, ಒಳಗೆ ಬಾದಾಮಿ. ಮನೆಯ ಚಿಕ್ಕ ಮಗು ಮೇಜಿನ ಕೆಳಗೆ ಕೂತು ಯಾವ ತುಂಡು ಯಾರಿಗೆ ಅಂತ ಕೂಗಬೇಕು. ತಿಂಡಿಯೊಳಗೆ ಬಚ್ಚಿಟ್ಟ ಪುಟ್ಟ ಪಿಂಗಾಣಿ ಗೊಂಬೆ ಸಿಕ್ಕವರಿಗೆ ಕಿರೀಟ. ಅಜ್ಜ ಅಜ್ಜಿ ನಿಧಾನಕ್ಕೆ ಕಚ್ಚಲಿ, ಹಲ್ಲು ಜೋಪಾನ.

ಟೂಲೂಸ್ ಸೊಸೆ:
ತುಂಬಾ ಥ್ಯಾಂಕ್ಸ್! ಆದರೆ ಅತ್ತೆ ಮೊಟ್ಟೆ ಮುಟ್ಟಲ್ಲ.

ಮಕ್ಕಳ ತಾಯಿ:
ಹಾಗಾದರೆ ಬೇಕರಿಯದು ಬೇಡ, ಮೊಟ್ಟೆ ಇದ್ದೇ ಇರುತ್ತದೆ. ಅಂಗಡಿಯಲ್ಲಿ ಸುರುಳಿ ಸುತ್ತಿದ ಪಫ್ ಹಿಟ್ಟು ಸಿಗುತ್ತದೆ, ಪ್ಯಾಕೆಟ್ ಓದಿ ತನ್ನಿ. ಬಾದಾಮಿ ಪುಡಿ, ಸಕ್ಕರೆ, ಬೆಣ್ಣೆ ಹೂರಣದ ಹಾಗೆ ಕಲಸಿ ಒಳಗಿಡಿ. ಗೊಂಬೆ ಬದಲು ಒಂದು ಇಡೀ ಬಾದಾಮಿ. ಮೇಲೆ ಹಾಲು ಸವರಿ ಬೇಯಿಸಿ. ಆ ಮನೆಯಲ್ಲಿ ಓವನ್ ಇದೆಯಾ ಅಂತ ಇವತ್ತೇ ಕೇಳಿಬಿಡಿ.